ಮದ್ದಳೆಯ ಕಪ್ಪು ಬೊಟ್ಟಿನ ಗುಟ್ಟು

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಕಳಸ, ಮೂಡಿಗೆರೆ ಕಡೆ ಎಲ್ಲಾದರೂ ಯಕ್ಷಗಾನವಿದ್ದರೆ ಚೆಂಡೆಯ ಸದ್ದು ಗುಡ್ಡದಾಚೆಗೂ ಕೇಳುತ್ತದೆ. "ಆಟಕ್ಕೆ ಹೋಗಲಾ?" ಎನ್ನುತ್ತಾರೆ ಮಕ್ಕಳು. "ಪರೀಕ್ಷೆ ಬಂತು, ಓದಿಕೋ" ಎನ್ನುತ್ತಾರೆ ಹೆತ್ತವರು. ಆದರೆ ಭೌತಶಾಸ್ತ್ರದ ಒಂದು ಒಳ್ಳೆಯ ಪಾಠ ರಂಗಸ್ಥಳದಲ್ಲೇ ಇದೆ!

ವೀಣೆಯ ತಂತಿ ಮೀಟಿದರೆ ಮೂಲಸ್ವರದೊಂದಿಗೆ ಅದರ 2, 3, 4 ಪಟ್ಟು ಆವೃತ್ತಿಯ ಉಪಸ್ವರಗಳೂ ಹುಟ್ಟುತ್ತವೆ. ನಾದ ಇಂಪಾಗುವುದು ಇದರಿಂದ. ಬಿಗಿದ ಬರಿಯ ಚರ್ಮದಲ್ಲಿ ಈ ಲೆಕ್ಕ ಕೂಡುವುದಿಲ್ಲ. ಅಲ್ಲಿ ಉಪಸ್ವರಗಳು ಸುಮಾರು 1.59, 2.14, 2.30 ಪಟ್ಟು. ಆದ್ದರಿಂದಲೇ ಜಗತ್ತಿನ ಅನೇಕ ಜನಪದ ಕುಣಿತಗಳ ಡೋಲುಗಳು ತಾಳ ಕೊಡುತ್ತವೆ, ಸ್ಪಷ್ಟ ಸ್ವರ ಕೊಡುವುದಿಲ್ಲ.

ಮದ್ದಳೆಯ ಬಲಮುಚ್ಚಿಗೆಯ ನಡುವೆ ಕಪ್ಪು ಕರಣೆ ಇರುತ್ತದೆ. ನಡುಭಾಗದ ತೂಕ ಹೆಚ್ಚಿದಾಗ ಕಂಪನದ ರೀತಿ ಬದಲಾಗಿ, ಉಪಸ್ವರಗಳು ಪೂರ್ಣಸಂಖ್ಯೆಗಳ ಸಮೀಪ ಬರುತ್ತವೆ. ಮದ್ದಳೆ ಭಾಗವತರ ಶ್ರುತಿಗೆ ಕೂಡುತ್ತದೆ. ಚೆಂಡೆಗೆ ಕರಣೆಯಿಲ್ಲ; ಬಿಗಿದ ಚರ್ಮಕ್ಕೆ ಕೋಲಿನ ಪೆಟ್ಟು ಬಿದ್ದರೆ ಅದರ ಅಬ್ಬರವೇ ಬೇರೆ.

ಮದ್ದಳೆಯ ಬಂಧುವಾದ ಮೃದಂಗದ ಈ ಗುಣವನ್ನು ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಜೊತೆಗೂಡಿ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ರಾಮನ್‌ರಿಗೆ ನೊಬೆಲ್ ಬಂದದ್ದು ಅದಾದ 10 ವರ್ಷಗಳ ನಂತರ. ಆದರೆ ಶಾಲೆಯ ಮೆಟ್ಟಿಲು ಹತ್ತದ ಕುಶಲಕರ್ಮಿಗಳು ಕಿವಿಯನ್ನೇ ನಂಬಿ ಕರಣೆಯ ಹದವನ್ನು ಎಷ್ಟೋ ಮೊದಲೇ ಕಂಡುಕೊಂಡಿದ್ದರು.

ಮಕ್ಕಳೇ, ಖಾಲಿ ಡಬ್ಬದ ಬಾಯಿಗೆ ಬಲೂನಿನ ರಬ್ಬರ್ ಬಿಗಿದು ತಟ್ಟಿ. ನಡುವೆ ಚಿಟಿಕೆ ಹಿಟ್ಟಿನ ಕಣಕ ಅಂಟಿಸಿ ಮತ್ತೆ ತಟ್ಟಿ. ಸ್ವರ ತಗ್ಗಿದ್ದು ನಿಮಗೇ ಕೇಳುತ್ತದೆ.

ಹೆತ್ತವರೇ, ವರ್ಷಕ್ಕೊಂದು ರಾತ್ರಿ ಮಕ್ಕಳನ್ನು ಆಟಕ್ಕೆ ಕರೆದೊಯ್ಯಿರಿ. ಹಿಮ್ಮೇಳದ ಹತ್ತಿರವೇ ಕೂರಿಸಿ.