ಮೆಜೆಸ್ಟಿಕ್‌ನಲ್ಲೊಂದು ರೂಮು

ಬೆಳಗಿನ ಜಾವ ಐದರ ಹೊತ್ತಿಗೆ ಬೀದರ್, ಯಾದಗಿರಿ, ಬೆಳಗಾವಿ ಕಡೆಯ ಬಸ್ಸುಗಳು ಮೆಜೆಸ್ಟಿಕ್‌ಗೆ ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಇಳಿದವರಲ್ಲಿ ಒಂದಷ್ಟು ಮಂದಿ ಆಟೊದವರ ಕೂಗಿಗೆ ಕಿವಿಗೊಡದೆ ಗಾಂಧಿನಗರದ ಕ್ರಾಸುಗಳತ್ತ ನಡೆಯುತ್ತಾರೆ. ಕೆಳಗೆ ಮೊಬೈಲ್ ಅಂಗಡಿ, ಪಕ್ಕದಲ್ಲಿ ಕಿರಿದಾದ ಮೆಟ್ಟಿಲು, ಮೇಲೆ ಕೌಂಟರ್. ‘ಸಿಂಗಲ್ ಇದೆಯಾ?’ ‘ಇದೆ ಸಾರ್. ಬಿಸಿನೀರು ಒಂಬತ್ತರವರೆಗೆ ಮಾತ್ರ.’ ಆಧಾರ್ ಕಾರ್ಡಿನ ಜೆರಾಕ್ಸ್, ಅಡ್ವಾನ್ಸ್, ಉದ್ದನೆಯ ರಿಜಿಸ್ಟರಿನಲ್ಲೊಂದು ಸಹಿ. ರೂಮಿನಲ್ಲಿ ಮಂಚ, ಫ್ಯಾನು, ಬಕೆಟ್ಟು, ಗೋಡೆಗೊಂದು ಕನ್ನಡಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ.

ಊರು ನೋಡಲು ಬಂದವರಿಗಾಗಿ ಹುಟ್ಟಿದ ರೂಮಲ್ಲ ಇದು. ಬೆಂಗಳೂರಿಗೆ ಬರದೆ ಗತಿಯಿಲ್ಲದವರು ಬೆಳೆಸಿದ್ದು.

ಕೆರೆಯಂಗಳದ ನಿಲ್ದಾಣ

ಮೆಜೆಸ್ಟಿಕ್‌ನ ಇಂದಿನ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಗೆ ನೀರು ಕೊಟ್ಟ ಆ ಕೆರೆ, 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಯಾರಿಗೂ ಬೇಡವಾಯಿತು. ಬತ್ತಿದ ಕೆರೆ ಮೈದಾನವಾಯಿತು, ಸುಭಾಷ್ ನಗರವಾಯಿತು, ಕೊನೆಗೆ ಬಸ್ಸುಗಳ ತಂಗುದಾಣವಾಯಿತು. ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರಿನಲ್ಲಿ ಅದರ ಏರಿ ಈಗಲೂ ಉಳಿದಿದೆ.

ಬಸ್ಸಿಗಿಂತ ಮೊದಲೇ ರೈಲು ಬಂದಿತ್ತು. 1864ರಲ್ಲಿ ಜೋಲಾರ್‌ಪೇಟೆಯಿಂದ ಬಂದ ಹಳಿ ದಂಡು ಪ್ರದೇಶಕ್ಕೆ ನಿಂತಿತ್ತು. 1880ರ ದಶಕದ ಆರಂಭದಲ್ಲಿ ಮೈಸೂರಿನ ಮಾರ್ಗ ಸಿದ್ಧವಾದಾಗ ಪೇಟೆಯ ಮಗ್ಗುಲಿಗೂ ನಿಲ್ದಾಣ ಬಂತು. ರೈಲು ಇಳಿದ ಅಪರಿಚಿತರು ರಾತ್ರಿ ಎಲ್ಲಿ ಮಲಗಬೇಕು? ಇದಕ್ಕೆ ಮೊದಲು ಉತ್ತರ ಕೊಟ್ಟವರಲ್ಲಿ ವರ್ತಕ ಗುಬ್ಬಿ ತೋಟದಪ್ಪನವರು ಒಬ್ಬರು. 1897ರಲ್ಲಿ ನಿಲ್ದಾಣದ ಎದುರಿಗೇ ಜಾಗ ಕೊಂಡು ಅವರು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ತೆರೆಯಿತು. ಅಲ್ಲಿನ ರಸ್ತೆಗೆ ಅವರದೇ ಹೆಸರು.

ಛತ್ರ ನಡೆಯುತ್ತಿದ್ದುದು ದಾನಿಯ ಪುಣ್ಯದ ಲೆಕ್ಕದಲ್ಲಿ. ಬರುವವರ ಸಂಖ್ಯೆ ಪುಣ್ಯದ ಅಳವಿಗೆ ಮೀರಿದಾಗ ಬಾಡಿಗೆಯ ರೂಮು ಬೇಕಾಯಿತು. ಈ ಕೆಲಸಕ್ಕೆ ಕೈಹಾಕಿದವರಲ್ಲಿ ಉಡುಪಿ ಸೀಮೆಯ ಹೋಟೆಲಿನವರೂ ಇದ್ದರು. ಕೆಳಗೆ ಊಟ-ತಿಂಡಿ, ಮೇಲೆ ನಾಲ್ಕಾರು ರೂಮು: ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಎಂದು ಬೋರ್ಡು ಬರೆಸಿದರೆ ಆಯಿತು. ಹೊಸ ಊರಿನಲ್ಲಿ ಊಟದ ಮಡಿ ಹೇಗೋ ಎಂದು ಅಳುಕುತ್ತಿದ್ದವರಿಗೆ ಕೆಳಗಿನ ಸಾರಿನ ಪರಿಮಳವೇ ಭರವಸೆ.

ವಿಧಾನಸೌಧದ ದಾರಿ

ಮೆಜೆಸ್ಟಿಕ್‌ನ ಲಾಡ್ಜುಗಳಿಗೆ ನಿಜವಾದ ಕಳೆ ಬಂದದ್ದು 1956ರ ನಂತರ. ಆ ವರ್ಷ ವಿಧಾನಸೌಧ ಪೂರ್ಣಗೊಂಡಿತು, ನವೆಂಬರ್ 1ರಂದು ರಾಜ್ಯ ಒಂದಾಯಿತು. ಅಲ್ಲಿಯವರೆಗೆ ಧಾರವಾಡದವರು ಸರ್ಕಾರಿ ಕೆಲಸಕ್ಕೆ ಮುಂಬೈಯತ್ತ ನೋಡುತ್ತಿದ್ದರು, ಕಲಬುರಗಿಯವರು ಹೈದರಾಬಾದಿನತ್ತ, ಮಂಗಳೂರಿನವರು ಮದ್ರಾಸಿನತ್ತ. ಈಗ ಎಲ್ಲರ ಕಡತವೂ ಬೆಂಗಳೂರಿನಲ್ಲಿ. ಆದರೆ ರಾಜಧಾನಿ ಇರುವುದು ನಾಡಿನ ಆಗ್ನೇಯ ಮೂಲೆಯಲ್ಲಿ. ಬೀದರಿನಿಂದ ಸುಮಾರು 700 ಕಿಲೋಮೀಟರ್, ಬೆಳಗಾವಿಯಿಂದ ಸುಮಾರು 500. ಬಂದು ಅಂದೇ ಮರಳುವ ಮಾತಿಲ್ಲ.

ವರ್ಗಾವಣೆಯ ಅರ್ಜಿ ಹಿಡಿದ ಮೇಷ್ಟ್ರು, ಹೈಕೋರ್ಟಿನ ವಾಯಿದೆಗೆ ಬಂದ ರೈತ, ಶಾಸಕರನ್ನು ಕಾಣಬೇಕಾದ ಪಂಚಾಯಿತಿ ಸದಸ್ಯ, ಚಿಕ್ಕಪೇಟೆಯಲ್ಲಿ ಸೀರೆ ಸಗಟು ಕೊಳ್ಳುವ ಅಂಗಡಿಯವರು, ಪರೀಕ್ಷೆ ಬರೆಯುವ ಹುಡುಗರು. ಲಾಡ್ಜಿನ ನಿಯಮಗಳೆಲ್ಲ ಇವರ ಅಳತೆಗೇ ಹೊಲಿದವು. ದೊಡ್ಡ ಹೋಟೆಲುಗಳಂತೆ ಮಧ್ಯಾಹ್ನ ಹನ್ನೆರಡಕ್ಕೆ ರೂಮು ಬಿಡಿ ಎಂದರೆ, ಬೆಳಗಿನ ಜಾವ ಬಂದವರು ಎರಡು ದಿನದ ಬಾಡಿಗೆ ತೆರಬೇಕಾಗುತ್ತಿತ್ತು. ಅದಕ್ಕೇ ಇಲ್ಲಿ 24 ಗಂಟೆಯ ಲೆಕ್ಕ: ಐದಕ್ಕೆ ಬಂದರೆ ಮರುದಿನ ಐದರವರೆಗೆ ರೂಮು ನಿಮ್ಮದು. ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಕಚೇರಿ ಸುತ್ತಿ, ಸಂಜೆ ಒಂದು ಕಣ್ಣು ನಿದ್ದೆ ತೆಗೆದು ರಾತ್ರಿಯ ಬಸ್ಸು ಹತ್ತಬಹುದು. ಹಗಲೆಲ್ಲ ಹೊರಗೇ ಇರುವವರಿಗೆ ಕಿಟಕಿಯ ನೋಟ ಯಾಕೆ?

ಸಿನಿಮಾದ ರೂಮು

ಇನ್ನೊಂದು ಬಗೆಯ ಅತಿಥಿಗಳನ್ನು ತಂದದ್ದು ಚಿತ್ರಮಂದಿರಗಳು. ಈ ಪ್ರದೇಶಕ್ಕೆ ಹೆಸರು ಕೊಟ್ಟದ್ದೇ ಮೆಜೆಸ್ಟಿಕ್ ಎಂಬ ಟಾಕೀಸು. ಕೆಂಪೇಗೌಡ ರಸ್ತೆಯ ಉದ್ದಕ್ಕೂ ಸಾಲುಸಾಲು ಚಿತ್ರಮಂದಿರಗಳಿದ್ದುದರಿಂದ ಹಂಚಿಕೆದಾರರು ಗಾಂಧಿನಗರದಲ್ಲಿ ಕಚೇರಿ ತೆರೆದರು. ಮದ್ರಾಸಿನ ಸ್ಟುಡಿಯೊಗಳನ್ನು ನೆಚ್ಚಿದ್ದ ಕನ್ನಡ ಚಿತ್ರರಂಗ ಕ್ರಮೇಣ ಬೆಂಗಳೂರಿಗೆ ವಾಲಿದಂತೆ ಅವಕಾಶ ಅರಸುವವರೂ ಇಲ್ಲಿಗೇ ಬಂದರು. ನಿರ್ಮಾಪಕರು ವಾರಗಟ್ಟಲೆ ಹಿಡಿದ ರೂಮುಗಳಲ್ಲಿ ಕಥೆಯ ಚರ್ಚೆ ನಡೆಯಿತು, ಸಂಭಾಷಣೆ ಹುಟ್ಟಿತು. ದುಡ್ಡು ಸಾಲದವರು ಒಂದೇ ರೂಮಿನಲ್ಲಿ ನಾಲ್ವರು ಮಲಗಿದರು.

ಅದೇ ಲಾಡ್ಜೆಂದರೆ ಮೂಗು ಮುರಿಯುವವರಿಗೂ ಕಾರಣಗಳಿದ್ದವು. ಪೊಲೀಸರ ದಾಳಿಯ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತಿತ್ತು. ಒಂಟಿಯಾಗಿ ಬಂದ ಹೆಣ್ಣುಮಗಳನ್ನು ಅನುಮಾನದಿಂದ ನೋಡಿ ‘ರೂಮು ಖಾಲಿ ಇಲ್ಲ’ ಎಂದ ಕೌಂಟರುಗಳು ಕಡಿಮೆಯೇನಲ್ಲ. ಕೋರ್ಟಿನ ವಾಯಿದೆ, ಕೆಲಸದ ಸಂದರ್ಶನ ಅವಳಿಗೂ ಇರುತ್ತದೆ ಎಂಬುದು ಈ ಗಲ್ಲಿಗಳಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಕದಲದ ನಿಲ್ದಾಣ, ಕದಲಿದ ಕೆಲಸ

2014ರಲ್ಲಿ ಪೀಣ್ಯದಲ್ಲಿ ಹೊಸ ಬಸ್ ನಿಲ್ದಾಣ ತೆರೆದು ಉತ್ತರದ ಬಸ್ಸುಗಳನ್ನು ಅಲ್ಲಿಂದ ಓಡಿಸಲು ನೋಡಿದರು. ಪ್ರಯಾಣಿಕರು ಒಗ್ಗಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೇ ಮರಳಿದವು. 2017ರಲ್ಲಿ ಮೆಟ್ರೊದ ಆಗಿನ ಎರಡೂ ಮಾರ್ಗಗಳು ಇದೇ ನೆಲದಡಿ ಸೇರಿ ಮೆಜೆಸ್ಟಿಕ್‌ನ ಸೆಳೆತ ಇನ್ನಷ್ಟು ಹೆಚ್ಚಿತು. 2013ರಲ್ಲಿ ಶುರುವಾದ ಓಯೊ ಮತ್ತು ಅದರಂಥವು ಬಂದ ಮೇಲೆ ಎಷ್ಟೋ ಹಳೆಯ ಲಾಡ್ಜುಗಳು ಬಿಳಿ ಬೆಡ್‌ಶೀಟು ಹಾಸಿ ಹೊಸ ಬೋರ್ಡು ತಗುಲಿಸಿದವು. ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ರೂಮಿಗಿದ್ದ ಜಿಎಸ್‌ಟಿ ವಿನಾಯಿತಿಯನ್ನು 2022ರ ಜುಲೈನಲ್ಲಿ ತೆಗೆದು ಶೇ 12 ವಿಧಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ 5ಕ್ಕೆ ಇಳಿಯಿತು.

ಆದರೆ ಲಾಡ್ಜನ್ನು ನಿಜಕ್ಕೂ ತಟ್ಟುವ ಬದಲಾವಣೆ ಬೇರೆ ದಿಕ್ಕಿನಿಂದ ಬರುತ್ತಿದೆ. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಹೈಕೋರ್ಟಿನ ಸಂಚಾರಿ ಪೀಠಗಳು ಶುರುವಾದವು, 2013ರಲ್ಲಿ ಕಾಯಂ ಆದವು. ಕಕ್ಷಿದಾರರ ಒಂದು ದೊಡ್ಡ ಗುಂಪಿಗೆ ಬೆಂಗಳೂರಿನ ರೂಮಿನ ಅಗತ್ಯವೇ ತಪ್ಪಿತು. ಈಗ ಅರ್ಜಿಗಳೂ ಒಂದೊಂದಾಗಿ ಆನ್‌ಲೈನಿಗೆ ಹೋಗುತ್ತಿವೆ.

ಇಷ್ಟಾದರೂ ಬೆಳಗಿನ ಬಸ್ಸುಗಳೇನೂ ಖಾಲಿ ಬರುತ್ತಿಲ್ಲ. ದೊಡ್ಡ ಆಸ್ಪತ್ರೆಗೆಂದು, ಕೆಲಸದ ಸಂದರ್ಶನಕ್ಕೆಂದು, ಯಾವುದೋ ಟೇಬಲ್ಲಿನಿಂದ ಕದಲದ ಕಡತಕ್ಕೆಂದು ಜನ ಬರುತ್ತಲೇ ಇದ್ದಾರೆ. ವ್ಯಾಪಾರಕ್ಕೂ ಸಿನಿಮಾಕ್ಕೂ ಬರುವವರು ಬರಲಿ, ಅದು ಅವರ ಆಯ್ಕೆ. ಉಳಿದವರ ಕೆಲಸ ಅವರವರ ಜಿಲ್ಲೆಯಲ್ಲೇ ಮುಗಿದು ಮೆಜೆಸ್ಟಿಕ್‌ನ ಅರ್ಧದಷ್ಟು ಲಾಡ್ಜುಗಳು ಬಾಗಿಲು ಮುಚ್ಚಿದರೆ, ಅದನ್ನು ಹಳೆಯ ಬೆಂಗಳೂರು ಕಳೆದುಹೋಯಿತೆಂದು ಗೋಳಾಡಬೇಕಿಲ್ಲ. 1956ರಲ್ಲಿ ಒಂದಾದ ರಾಜ್ಯ ತನ್ನ ದೂರದ ಊರುಗಳಿಗೆ ತಡವಾಗಿಯಾದರೂ ಹತ್ತಿರವಾಯಿತು ಎಂದು ಸಂತೋಷಪಡಬಹುದು.