ತೊಟ್ಟಿಕ್ಕುವುದು ಒಂದೆಡೆ, ನುಗ್ಗುವುದು ಇನ್ನೊಂದೆಡೆ

ಅಮೆರಿಕದ ಆರೆಗನ್‌ನಲ್ಲಿ ಚಳಿಗಾಲವೆಂದರೆ ಮಳೆಗಾಲವೂ ಹೌದು. ನಾವು ಅಲ್ಲಿ ಕೊಂಡ ಹಳೆಯ ಕ್ಯಾಂಪರ್‌ನಲ್ಲಿ ಒಲೆ, ಮಂಚ, ಬಚ್ಚಲು ಎಲ್ಲ ಇವೆ. ಗಾಡಿಯ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗಬಹುದು. ಅದರ ಸೀಲಿಂಗಿನಲ್ಲಿ ಒಂದು ದಿನ ಕಂದು ಕಲೆ ಕಾಣಿಸಿತು. ನಡುಭಾಗದ ಗಾಳಿಕಿಂಡಿಯ ಚೌಕಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ನಮ್ಮ ಕ್ಯಾಂಪರ್‌ನ ಚಾವಣಿ ಹಲವು ಪದರಗಳದ್ದು. ಕೆಳಗೆ ತೆಳು ಹಲಗೆಯ ಸೀಲಿಂಗ್, ಅದರ ಮೇಲೆ ಅಡ್ಡಪಟ್ಟಿಗಳು, ಅವುಗಳ ನಡುವೆ ಶಾಖ ತಡೆಯುವ ಹಾಸು, ಮೇಲೆ ಪ್ಲೈವುಡ್, ಎಲ್ಲಕ್ಕೂ ಮೇಲೆ ಇಪಿಡಿಎಂ ಎಂಬ ರಬ್ಬರ್ ಹಾಳೆ. ಹಾಳೆ ಹರಿಯದಿದ್ದರೆ ಅದರ ಮೂಲಕ ನೀರು ಇಳಿಯುವುದಿಲ್ಲ. 14 ಅಂಗುಲ ಚೌಕದ ಗಾಳಿಕಿಂಡಿ, ಎ.ಸಿ., ಪೈಪುಗಳಿಗಾಗಿ ಅದನ್ನು ಕೊಯ್ದ ಕಡೆಗಳಲ್ಲಿ, ಅಂಚಿನ ಪಟ್ಟಿಗೆ ಸ್ಕ್ರೂ ಹೊಡೆದ ಕಡೆಗಳಲ್ಲಿ ಅಪಾಯ ಹೆಚ್ಚು.

ಮೊದಲ ಅನುಮಾನ ಸಹಜವಾಗಿಯೇ ಗಾಳಿಕಿಂಡಿಯ ಮೇಲೆ. ಆದರೆ ಅಂಟು ಬಳಿಯುವ ಮೊದಲು ಪರೀಕ್ಷಿಸಿದೆವು. ನಾನು ಏಣಿ ಹತ್ತಿ, ಕಿಂಡಿಯ ಸುತ್ತ ಮಾತ್ರ ಬಹಳ ಹೊತ್ತು ಪೈಪಿನಿಂದ ನೀರು ಬಿಟ್ಟೆ. ಒಳಗೆ ಟಾರ್ಚ್ ಹಿಡಿದು ನಿಂತಿದ್ದ ಹೆಂಡತಿ ಕೂಗಿದಳು: "ರೀ, ಒಂದು ಹನಿಯೂ ಇಲ್ಲ!" ಕಿಂಡಿ ನಿರಪರಾಧಿ.

ಹಾಗಾದರೆ ನೀರು ಬರುವುದು ಯಾವಾಗ? ನೆನಪು ಕೆದಕಿದಾಗ ಸುಳಿವು ಅಲ್ಲೇ ಇತ್ತು. ಕ್ಯಾಂಪರ್ ಮನೆಯ ಮುಂದೆ ಸುಮ್ಮನೆ ನಿಂತು ಜಿಟಿಜಿಟಿ ಮಳೆಯಲ್ಲಿ ನೆನೆದಾಗ ಸೋರುತ್ತಿರಲಿಲ್ಲ. ಕರಾವಳಿಯ 101ನೇ ಹೆದ್ದಾರಿಯಲ್ಲಿ ಮಳೆಗೆ ಎದುರಾಗಿ ಓಡಿ ಬಂದ ಮೇಲೆ ಸೋರುತ್ತಿತ್ತು. ಗಾಳಿ ನೀರನ್ನು ಎಲ್ಲಿಗೋ ಒತ್ತಿ ನುಗ್ಗಿಸುತ್ತಿದೆ, ಅದೂ ಮುಂಭಾಗದಲ್ಲಿ ಎಂಬುದು ನಮ್ಮ ಊಹೆ.

ತೇವಮಾಪಕದ ಎರಡು ಮೊನೆಗಳನ್ನು ಸೀಲಿಂಗಿಗೆ ಚುಚ್ಚುತ್ತ ಹೋದೆವು. ಮರದಲ್ಲಿ ತೇವ 20% ದಾಟಿದರೆ ಕೊಳೆಯುವ ಭಯ. ಕಿಂಡಿಯ ಹಿಂದೆಲ್ಲ ಒಣ. ಕಿಂಡಿಯಿಂದ ಮುಂದಕ್ಕೆ ಸಾಲಾಗಿ ತೇವ. ನೀರು ನಡೆದ ದಾರಿ ಸಿಕ್ಕಿತು, ನುಗ್ಗಿದ ತೂತು ಇನ್ನೂ ಸಿಕ್ಕಿರಲಿಲ್ಲ.

ಆಗ ಪ್ರಶ್ನೆಯನ್ನೇ ತಿರುಗಿಸಿದೆವು. ನೀರು ಒಳಬರುವ ಜಾಗ ಕಾಣದಿದ್ದರೆ, ಗಾಳಿ ಹೊರಹೋಗುವ ಜಾಗ ಕಂಡೀತು. ಗ್ಯಾಸ್ ಬಂದ್ ಮಾಡಿ, ಕಿಟಕಿ ಕಿಂಡಿಗಳನ್ನು ಮುಚ್ಚಿ, ಫ್ರಿಜ್ ಮತ್ತು ಒಲೆಯ ಹೊರಕಿಂಡಿಗಳಿಗೆ ಟೇಪ್ ಅಂಟಿಸಿ, ಒಂದೇ ಕಿಟಕಿಗೆ ರಟ್ಟಿನ ನಡುವೆ ಫ್ಯಾನ್ ಕೂರಿಸಿ ಒಳಕ್ಕೆ ಗಾಳಿ ಊದಿಸಿದೆವು. ಹೊರಗೆ ಚಾವಣಿಯ ಜೋಡಣೆಗಳಿಗೆಲ್ಲ ಸೋಪಿನ ನೀರು ಸಿಂಪಡಿಸಿದೆ. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಹುಡುಕುವ ವಿದ್ಯೆಯೇ ಇದು.

ಮುಂಗೋಡೆ ಚಾವಣಿಗೆ ಸೇರುವ ಅಲ್ಯೂಮಿನಿಯಂ ಪಟ್ಟಿಯ ಒಂದು ಸ್ಕ್ರೂ ಬುಡದಲ್ಲಿ ನೊರೆ ಉಕ್ಕಿತು. ಅಲ್ಲಿ ಸಂದು ಮುಚ್ಚುವ ಹಳೆಯ ಅಂಟು, ಅಂದರೆ ಸೀಲಂಟ್, ಕೂದಲೆಳೆಯಷ್ಟು ಬಿರಿದಿತ್ತು. ಎದುರುಗಾಳಿಗೆ ಅಲ್ಲಿ ನುಗ್ಗಿದ ನೀರು ರಬ್ಬರ್ ಹಾಳೆಗೂ ಪ್ಲೈವುಡ್‌ಗೂ ನಡುವೆ ಹಿಂದಕ್ಕೆ ಹರಿದು, ದಾರಿಯಲ್ಲಿ ಒಂದಿಷ್ಟು ಸೀಲಿಂಗಿಗೂ ಜಿನುಗಿ, ಪ್ಲೈವುಡ್ ಕೊಯ್ದಿದ್ದ ಮೊದಲ ಜಾಗದಲ್ಲಿ, ಅಂದರೆ ಗಾಳಿಕಿಂಡಿಯಲ್ಲಿ, ಕೆಳಗಿಳಿಯುತ್ತಿತ್ತು. ನಮ್ಮ ಅಂಗಳದ ಇಳಿಜಾರಿನಲ್ಲಿ ಕ್ಯಾಂಪರ್‌ನ ಮೂತಿ ಮೇಲಾಗಿ ನಿಲ್ಲುತ್ತಿದ್ದುದರಿಂದ ಹರಿವು ಹಿಂದಕ್ಕೇ ಇತ್ತು.

ಪಟ್ಟಿ ಬಿಚ್ಚಿ, ಹಳೆಯ ಸೀಲಂಟನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು, ಪ್ಲೈವುಡ್ ಪೂರ್ತಿ ಒಣಗಿದ ಮೇಲೆ ಬ್ಯೂಟೈಲ್ ಎಂಬ ರಬ್ಬರಿನ ಹೊಸ ಅಂಟುಟೇಪ್ ಹಾಸಿ ಸ್ಕ್ರೂ ಬಿಗಿದೆವು. ಮೇಲೆ ಈ ಚಾವಣಿಗೆಂದೇ ಮಾಡಿದ, ತಾನೇ ಹರಡಿಕೊಳ್ಳುವ ಸೀಲಂಟ್ ಹಾಕಿದೆವು. ಸಿಲಿಕೋನ್ ಬಳಸಲಿಲ್ಲ, ಅದು ಇಪಿಡಿಎಂಗೆ ಸರಿಯಾಗಿ ಅಂಟದು, ಮುಂದೆ ಅದರ ಮೇಲೆ ಬೇರೇನೂ ಅಂಟದು.

ಕ್ಯಾಂಪರ್ ಇಟ್ಟುಕೊಂಡವರು ವರ್ಷಕ್ಕೆ ಎರಡು ಸಲವಾದರೂ ಏಣಿ ಹತ್ತಿ ಜೋಡಣೆಗಳನ್ನು ನೋಡಿ. ಕಲೆ ಕಂಡರೆ ಅಲ್ಲಿಗೇ ಅಂಟು ಮೆತ್ತಬೇಡಿ. ಅದು ನೀರಿನ ಪಯಣದ ಕೊನೆ. ಮೊದಲು ಅದರ ಆರಂಭ ಹುಡುಕಿ.