ಮರಕ್ಕೂ ಗಾಜಿಗೂ ನಡುವೆ ಒಂದಿಷ್ಟು ಜಾಗ



ಎತ್ತಿನ ಬಂಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನಿಮ್ಮಲ್ಲಿ ಅನೇಕರು ನೋಡಿರಲಿಕ್ಕಿಲ್ಲ. ಮನೆಯ ಹಿರಿಯರನ್ನು ಕೇಳಿ ನೋಡಿ. ಗಾಲಿಯ ಸುತ್ತಳತೆಗಿಂತ ತುಸು ಕಿರಿದಾದ ಪಟ್ಟಿಯನ್ನು ಕಮ್ಮಾರರು ಬೆಂಕಿಯಲ್ಲಿ ಕಾಯಿಸುತ್ತಾರೆ. ಕಾದು ಹಿಗ್ಗಿದ ಪಟ್ಟಿಯನ್ನು ಗಾಲಿಗೆ ತೊಡಿಸಿ ನೀರು ಸುರಿದಾಗ ಅದು ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ಕಡು ಬೇಸಿಗೆಯಲ್ಲಿ ಇದೇ ಪಟ್ಟಿ ಸಡಿಲವಾಗುವುದುಂಟು. ಅದಕ್ಕೆ ಕಾರಣ ಕಬ್ಬಿಣವಲ್ಲ, ಒಳಗಿನ ಮರ. ಒಣಹವೆಗೆ ಮರ ಕುಗ್ಗುತ್ತದೆ. ಗಾಲಿಯನ್ನು ನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬಿ ಪಟ್ಟಿ ಮತ್ತೆ ಬಿಗಿಯಾಗುತ್ತದೆ.

ಬಂಡಿ ಮಾಡುವವರಿಗೆ ಚೆನ್ನಾಗಿ ಗೊತ್ತಿದ್ದ ಈ ಸಂಗತಿಯೇ ನಾವೀಗ ನೋಡಲಿರುವ ಕಲೆಯ ಮುಖ್ಯ ಪಾಠ. ಮರದ ಹಲಗೆಯಲ್ಲಿ ತೆಳ್ಳಗಿನ ಗರಗಸದಿಂದ ಚಿತ್ರ ಕೊರೆದು, ಕೊರೆದ ಕಿಂಡಿಗಳ ಹಿಂದೆ ಬಣ್ಣದ ಗಾಜು ಕೂರಿಸುವುದು ಆ ಕಲೆ. ನೋಡಲು ಬಲು ಚೆಂದ. ಆದರೆ ಮಳೆಗಾಲದಲ್ಲಿ ಮಾಡಿ ಕಿಟಕಿಗೆ ತೂಗುಹಾಕಿದ ಫಲಕದ ಗಾಜು ಏಪ್ರಿಲ್ ಬರುವಷ್ಟರಲ್ಲಿ ಸೀಳಿಬಿಡಬಹುದು. ಹೀಗೇಕೆ ಆಗುತ್ತದೆ, ಆಗದಂತೆ ಏನು ಮಾಡಬೇಕು ಎಂಬುದನ್ನು ತಿಳಿಯೋಣ.

ತೊಗಲುಗೊಂಬೆಯ ಪಾಠ

ಬೆಳಕು ಹಾಯಿಸಿ ಬಣ್ಣ ತೋರಿಸುವ ಕಲೆ ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಸೀಮೆಗೆ ಹೊಸದಲ್ಲ. ತೊಗಲುಗೊಂಬೆಯಾಟವನ್ನು ನೆನಪಿಸಿಕೊಳ್ಳಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ತಂದುಕೊಟ್ಟದ್ದು ಇದೇ ಕಲೆ. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ ಬಣ್ಣ ಹಚ್ಚುತ್ತಾರೆ. ಒಡವೆ, ಕಿರೀಟ, ಸೆರಗುಗಳ ಜಾಗದಲ್ಲಿ ಸಣ್ಣ ಉಳಿಗಳಿಂದ ರಂಧ್ರಗಳನ್ನು ಕೊರೆಯುತ್ತಾರೆ. ಹಿಂದಿನಿಂದ ದೀಪ ಬೆಳಗಿದಾಗ ಬಿಳಿ ಪರದೆಯ ಮೇಲೆ ತೊಗಲು ಬಣ್ಣವಾಗಿಯೂ ರಂಧ್ರಗಳು ಬೆಳಕಿನ ಚುಕ್ಕಿಗಳಾಗಿಯೂ ಕಾಣುತ್ತವೆ.

ಮರ ಮತ್ತು ಗಾಜಿನ ಫಲಕದಲ್ಲಿ ಇದು ತಿರುಗುಮುರುಗು. ಇಲ್ಲಿ ಮರ ಕಪ್ಪಾಗಿ ನಿಲ್ಲುತ್ತದೆ, ಕಿಂಡಿಯಲ್ಲಿ ಬಣ್ಣ ಬರುತ್ತದೆ. ಆದರೂ ಒಂದು ನಿಯಮ ಎರಡಕ್ಕೂ ಸಮಾನ. ಗೊಂಬೆ ಮಾಡುವವರು ಒಂದು ರಂಧ್ರಕ್ಕೂ ಇನ್ನೊಂದಕ್ಕೂ ನಡುವೆ ಸಾಕಷ್ಟು ತೊಗಲನ್ನು ಉಳಿಸುತ್ತಾರೆ. ಇಲ್ಲವಾದರೆ ಗೊಂಬೆ ಹರಿಯುತ್ತದೆ. ಮರದಲ್ಲೂ ಕಿಂಡಿಗಳ ನಡುವೆ ಇಂಥ ಸೇತುವೆಗಳು ಉಳಿಯಬೇಕು. ನವಿಲಿನ ಕಣ್ಣಿನ ಸುತ್ತ ಪೂರ್ತಿ ವೃತ್ತವನ್ನು ಕೊರೆದರೆ ಕಣ್ಣು ಕಳಚಿ ನೆಲಕ್ಕೆ ಬೀಳುತ್ತದೆ! ಆದ್ದರಿಂದ ಚಿತ್ರ ಬರೆಯುವಾಗಲೇ ಪ್ರತಿಯೊಂದು ಭಾಗವೂ ಇನ್ನೊಂದಕ್ಕೆ ಅಂಟಿಕೊಂಡಿದೆಯೇ ಎಂದು ನೋಡಿಕೊಳ್ಳಬೇಕು.

ಗರಗಸದ ಶಕ್ತಿ, ಗಾಜಿನ ಮಿತಿ

ಮೈಸೂರಿನ ಬೀಟೆಮರದ ಇನ್‌ಲೇ ಕೆಲಸವನ್ನು ನೀವು ಕೇಳಿರಬಹುದು. ಬೇರೆ ಬೇರೆ ಬಣ್ಣದ ಮರದ ತುಣುಕುಗಳನ್ನು ಸಣ್ಣ ಗರಗಸದಿಂದ ಕತ್ತರಿಸಿ ಬೀಟೆಯ ಹಲಗೆಯಲ್ಲಿ ಕೂಡಿಸುತ್ತಾರೆ. ಈ ಗರಗಸದ ಅಲಗು ತಂತಿಯಂತೆ ತೆಳ್ಳಗಿರುವುದರಿಂದ ಎಂಥ ತಿರುವಿನಲ್ಲೂ ಹೊರಳುತ್ತದೆ. ಹಲಗೆಯ ನಡುವೆ ಕಿಂಡಿ ಬೇಕಾದರೆ ಮೊದಲು ಒಂದು ತೂತು ಕೊರೆದು, ಅಲಗನ್ನು ಅದರೊಳಗೆ ತೂರಿಸಿ, ಮತ್ತೆ ಚೌಕಟ್ಟಿಗೆ ಬಿಗಿದು ಕೊಯ್ಯುತ್ತಾರೆ. ಇದೇ ಕೆಲಸವನ್ನು ವಿದ್ಯುತ್ತಿನಿಂದ ಮಾಡುವ ಯಂತ್ರಕ್ಕೆ ಸ್ಕ್ರೋಲ್ ಸಾ ಎಂದು ಹೆಸರು.

ಗಾಜಿನ ಸ್ವಭಾವವೇ ಬೇರೆ. ಗಾಜನ್ನು ಸಾಮಾನ್ಯವಾಗಿ ಕೊಯ್ಯುವುದಿಲ್ಲ. ಗಟ್ಟಿ ಚಕ್ರದ ಮೊನೆಯಿಂದ ಗೀರಿ, ಗೀರಿನುದ್ದಕ್ಕೂ ಮುರಿಯುತ್ತಾರೆ. ಒಳಬಾಗಿನ ತಿರುವುಗಳಲ್ಲಿ ಗಾಜು ಹೇಳಿದಂತೆ ಕೇಳುವುದಿಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗಾಜಿನ ಛಾವಣಿಯನ್ನು ನೋಡಿದವರಿಗೆ ಅಲ್ಲಿಯ ನವಿಲುಗಳು ನೆನಪಿರುತ್ತವೆ. 1897ರಿಂದ 1912ರವರೆಗೆ ಕಟ್ಟಿದ ಆ ಅರಮನೆಗೆ ಗಾಜಿನ ಛಾವಣಿ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ. ಬಣ್ಣದ ಗಾಜಿನ ಸಾಂಪ್ರದಾಯಿಕ ಕಿಟಕಿಗಳಲ್ಲಿ ಬಣ್ಣ ಬದಲಾದಲ್ಲೆಲ್ಲ ಬೇರೆ ತುಣುಕು ಬೇಕು, ತುಣುಕುಗಳ ನಡುವೆ ಸೀಸದ ಪಟ್ಟಿ ಬೇಕು.

ಮರ ಗಾಜಿನ ಜೊತೆಗೂಡಿದರೆ ಈ ಕಷ್ಟ ತಗ್ಗುತ್ತದೆ. ಚಿತ್ರದ ನವುರಾದ ಗೆರೆಗಳನ್ನೆಲ್ಲ ಗರಗಸವೇ ಮರದಲ್ಲಿ ಮೂಡಿಸುತ್ತದೆ. ಹಿಂದೆ ಒಂದೇ ಚೌಕ ಗಾಜನ್ನು ಇಟ್ಟರೂ ಸಾಕು, ಹತ್ತು ಕಿಂಡಿಗಳಿಗೆ ಬಣ್ಣ ಸಿಗುತ್ತದೆ. ವಿಷಕಾರಿಯಾದ ಸೀಸದ ಗೊಡವೆಯೂ ಇರುವುದಿಲ್ಲ.

ಗಾಜು ಸೀಳುವುದೇಕೆ?

ಈಗ ಮುಖ್ಯ ಪ್ರಶ್ನೆಗೆ ಬರೋಣ. 30 ಸೆಂಟಿಮೀಟರ್ ಅಗಲದ ಗಾಜು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೂ ಹಿಗ್ಗುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಮರ ಹಾಗಲ್ಲ. ಅದು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ತೇವ ಬಿಟ್ಟು ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ವ್ಯತ್ಯಾಸ ತೀರ ಅಲ್ಪ. ಎಳೆಗೆ ಅಡ್ಡವಾಗಿ ಮಾತ್ರ ಹೆಚ್ಚು. 30 ಸೆಂಟಿಮೀಟರ್ ಅಗಲದ ತೇಗದ ಹಲಗೆ ಕೂಡ ಮಳೆಗಾಲದಿಂದ ಬೇಸಿಗೆಗೆ ಒಂದೆರಡು ಮಿಲಿಮೀಟರ್ ಕಿರಿದಾಗಬಲ್ಲದು. ಹಲಗೆ ಕುಗ್ಗಿದರೆ ಅದರಲ್ಲಿ ಕೊರೆದ ಕಿಂಡಿಯೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್ ಆಸುಪಾಸು. ಬೇಸಿಗೆಯ ಗಾಳಿ ಬಹಳ ಒಣ. ಆಗಸ್ಟ್ ತಿಂಗಳ ತಂಪಿನಲ್ಲಿ ಗಾಜನ್ನು ಕಿಂಡಿಗೆ ಸರಿಯಾಗಿ, ಬಿಗಿಯಾಗಿ ಕೂರಿಸಿದಿರಿ ಎನ್ನಿ. ಏಪ್ರಿಲ್‌ನಲ್ಲಿ ಮರ ನಾಲ್ಕೂ ಕಡೆಯಿಂದಲ್ಲದಿದ್ದರೂ ಎರಡು ಕಡೆಯಿಂದ ಗಾಜನ್ನು ಅದುಮುತ್ತದೆ. ಗಾಜಿಗೆ ಬಾಗಿಕೊಡಲು ಬರುವುದಿಲ್ಲ, ಅದು ಸೀಳುತ್ತದೆ. ಸೀಳದಿದ್ದರೆ ಮರದ ತೆಳು ಸೇತುವೆ ಮುರಿಯುತ್ತದೆ.

ಇನ್ನೊಂದು ಅಪಾಯ ಬಿಸಿಲಿನದು. ಗಾಢ ಬಣ್ಣದ ಗಾಜು ಬಿಸಿಲನ್ನು ಹೆಚ್ಚು ಹೀರುತ್ತದೆ. ನಡುಭಾಗ ಕಾಯುತ್ತದೆ, ಮರದ ಮರೆಯಲ್ಲಿರುವ ಅಂಚು ತಂಪಾಗಿರುತ್ತದೆ. ಈ ಎಳೆತದಿಂದಲೂ ಅಂಚಿನಲ್ಲಿ ಬಿರುಕು ಹುಟ್ಟಬಹುದು. ಅಂಚಿನಲ್ಲಿ ಮೊದಲೇ ಚಿಕ್ಕ ಮುಕ್ಕು ಇದ್ದರಂತೂ ಬಿರುಕಿಗೆ ದಾರಿ ಸಿಕ್ಕಂತೆಯೇ.

ಮಾಡುವ ಬಗೆ

ಉಪಾಯ ಸರಳ. ಗಾಜನ್ನು ಹಿಡಿದಿಡಬೇಕು, ಬಿಗಿದಿಡಬಾರದು. ಹಲಗೆಯ ಹಿಂಬದಿಯಲ್ಲಿ ಗಾಜು ಕೂರುವ ತೋಡನ್ನು ಗಾಜಿಗಿಂತ ಸುತ್ತಲೂ ಎರಡು ಮಿಲಿಮೀಟರ್ ದೊಡ್ಡದಾಗಿ ಮಾಡಿ. ಗಾಜಿಗೆ ಅಂಟು ಬಳಿಯಬೇಡಿ. ಹಿಂದಿನಿಂದ ತೆಳು ಬೀಡಿಂಗ್ ಪಟ್ಟಿ ಇಟ್ಟು, ಆ ಪಟ್ಟಿಯನ್ನು ಮರಕ್ಕೆ ಮಾತ್ರ ಸಣ್ಣ ಮೊಳೆಯಿಂದ ಸೇರಿಸಿ. ಮುಂದೆ ಮರದ ಅಂಚು ಗಾಜಿನ ಮೇಲೆ ಐದಾರು ಮಿಲಿಮೀಟರ್ ಚಾಚಿಕೊಂಡಿದ್ದರೆ ಬಿಟ್ಟ ಜಾಗ ಯಾರಿಗೂ ಕಾಣದು.

ಮೊದಲ ಸಲ ಮಾಡುವವರು ಆರು ಮಿಲಿಮೀಟರ್ ಪ್ಲೈವುಡ್ ಆರಿಸಿಕೊಳ್ಳುವುದು ಒಳ್ಳೆಯದು. ಅದರ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ, ಕುಗ್ಗುವಿಕೆ ಬಹಳ ಕಡಿಮೆ. ಪ್ಲೈವುಡ್ ತೆಳುವಾದ್ದರಿಂದ ತೋಡು ತೆಗೆಯುವ ಬದಲು, ಹಿಂಬದಿಯಲ್ಲಿ ಗಾಜಿನ ಸುತ್ತ ನಾಲ್ಕು ಪಟ್ಟಿಗಳನ್ನು ಅಂಟಿಸಿ ಮನೆ ಮಾಡಿಕೊಳ್ಳಬಹುದು. ಗಾಜನ್ನು ಅಂಗಡಿಯಲ್ಲೇ ಅಳತೆಗೆ ಕತ್ತರಿಸಿ, ಅಂಚು ಉಜ್ಜಿಸಿ ತನ್ನಿ. ಗರಗಸ ಹಿಡಿಯುವಾಗ ಬಡಗಿಯೋ ಶಿಕ್ಷಕರೋ ಜೊತೆಗಿರಲಿ. ಕಣ್ಣಿಗೆ ಕನ್ನಡಕ, ಗಾಜು ಮುಟ್ಟುವಾಗ ಕೈಗೆ ದಪ್ಪ ಗವಸು ಮರೆಯಬೇಡಿ.

ಚಿತ್ರಕ್ಕಾಗಿ ದೂರ ಹುಡುಕಬೇಕಾಗಿಲ್ಲ. ಮೊಳಕಾಲ್ಮುರು ರೇಷ್ಮೆ ಸೀರೆಯ ಅಂಚನ್ನು ಬಿಡಿಸಿ ನೋಡಿ. ಹಣ್ಣು, ಹೂವು, ಪ್ರಾಣಿ, ಪಕ್ಷಿಗಳು ಅಲ್ಲಿವೆ. ನೇಯ್ಗೆಯ ಚಿತ್ರ ಎಳೆ ಎಣಿಸಿ ಮೂಡಿದ್ದು. ಹಾಗಾಗಿ ಅದರ ಗೆರೆಗಳು ಸ್ಪಷ್ಟ, ಗರಗಸಕ್ಕೆ ಹೇಳಿಮಾಡಿಸಿದಂತೆ. ಒಡಲಿಗೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಎಂಬ ಸೀರೆಯ ಕ್ರಮವನ್ನೇ ಗಾಜಿಗೂ ಅನುಸರಿಸಬಹುದು.

ಕೆಲಸ ಶುರುಮಾಡುವ ಮುನ್ನ ಒಂದು ಪರೀಕ್ಷೆ ಮಾಡಿ. ಅಗಲವಾದ ಮರದ ಹಲಗೆಯೊಂದನ್ನು ಹುಡುಕಿ, ಎಳೆಗೆ ಅಡ್ಡವಾಗಿ ಎರಡು ಗುರುತು ಹಾಕಿ. ನಡುವಿನ ದೂರವನ್ನು ಮಳೆಗಾಲದಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಅಳೆದು, ತಾರೀಖು ಸಹಿತ ಪುಸ್ತಕದಲ್ಲಿ ಬರೆದಿಡಿ. ಎರಡು ಅಳತೆಗಳ ವ್ಯತ್ಯಾಸ ಎಷ್ಟು ಬಂತೋ, ನಿಮ್ಮ ಊರಿನ ಹವೆಯಲ್ಲಿ ಗಾಜಿಗೆ ಕಡೇಪಕ್ಷ ಅಷ್ಟು ಜಾಗ ಬಿಡಬೇಕು ಎಂದು ತಿಳಿಯಿರಿ.